ಓಟ ಬಿಟ್ಟು ಗಡಿಯಾರ ಹಿಡಿದವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೂರದ ಓಟದಿಂದ ತರಬೇತಿಯತ್ತ ಹೊರಳಿದವರು, ಹೊರಳಲು ಯೋಚಿಸುತ್ತಿರುವವರು ಬರೆದ ಪತ್ರಗಳು ಈ ಬಾರಿ ಹೆಚ್ಚು. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆಯಾಗಿ ಮಾಡಿಕೊಂಡಿದ್ದೇವೆ.

ಪ್ರಶ್ನೆ: 5000 ಮೀಟರ್ ಓಟದಲ್ಲಿ ನನ್ನ ಅತ್ಯುತ್ತಮ ಸಮಯ 14 ನಿಮಿಷ 10 ಸೆಕೆಂಡ್. ವಾರಕ್ಕೆ 130 ಕಿ.ಮೀ. ಓಡುತ್ತಿದ್ದೆ, ಟ್ರ್ಯಾಕ್‌ನಲ್ಲಿ 400 ಮೀಟರನ್ನು 66 ಸೆಕೆಂಡಿನಂತೆ 12 ಸಲ ಮಾಡುತ್ತಿದ್ದೆ. ಈಗ 16–17 ವರ್ಷದ ಆರು ಹುಡುಗರಿಗೆ ಹೇಳಿಕೊಡುತ್ತಿದ್ದೇನೆ. ಅವರಿಗೆಂದು ತಗ್ಗಿಸಿ ವಾರಕ್ಕೆ 90 ಕಿ.ಮೀ., 400 ಮೀಟರ್‌ಗೆ 72 ಸೆಕೆಂಡ್ ಇಟ್ಟೆ. ಎರಡು ತಿಂಗಳಲ್ಲಿ ಮೂವರಿಗೆ ಕಣಕಾಲು ನೋವು, ಉಳಿದವರ ಸಮಯ ಇದ್ದಲ್ಲೇ ಇದೆ. ಎಲ್ಲಿ ತಪ್ಪಿತು?

ಉತ್ತರ: ತಗ್ಗಿಸಿದ್ದು ನಿಮ್ಮ ಲೆಕ್ಕದಿಂದ, ಅವರ ಲೆಕ್ಕದಿಂದಲ್ಲ. ತಪ್ಪು ಅಷ್ಟೇ, ಆದರೆ ಓಡಿ ಬಂದ ಕೋಚ್‌ಗಳಲ್ಲಿ ಬಹಳ ಮಂದಿ ಮೊದಲು ಎಡವುವುದು ಇಲ್ಲೇ.

ಲೆಕ್ಕ ನೋಡಿ. 400 ಮೀಟರ್‌ಗೆ 66 ಸೆಕೆಂಡ್ ಎಂದರೆ ಕಿಲೋಮೀಟರಿಗೆ 2 ನಿಮಿಷ 45 ಸೆಕೆಂಡ್, 5000ಕ್ಕೆ ಹಿಗ್ಗಿಸಿದರೆ 13:45. ನಿಮ್ಮ 14:10ರ ವೇಗಕ್ಕಿಂತ ಟ್ರ್ಯಾಕ್‌ನ ಒಂದು ಸುತ್ತಿಗೆ, ಅಂದರೆ 400 ಮೀಟರಿಗೆ, ಎರಡು ಸೆಕೆಂಡ್ ಮಾತ್ರ ಚುರುಕು. ನಿಮಗೆ ಅದು ಕಷ್ಟದ, ಆದರೆ ಮೈಗೆ ಒಗ್ಗುವ ಕೆಲಸ. ನಿಮ್ಮ ಹುಡುಗನೊಬ್ಬ 5000 ಮೀಟರನ್ನು 20 ನಿಮಿಷಕ್ಕೆ ಓಡುತ್ತಾನೆ ಎಂದಿಟ್ಟುಕೊಳ್ಳಿ. ಅವನ ಸುತ್ತು 96 ಸೆಕೆಂಡಿನದು. ನೀವು ಕೊಟ್ಟ 72 ಸೆಕೆಂಡ್, ಅವನು ಒಂದೇ ಒಂದು 400 ಮೀಟರನ್ನು ಉಸಿರು ಕಟ್ಟಿ ಓಡಿದರೆ ಬರುವ ಸಮಯಕ್ಕೆ ಹತ್ತಿರ. ನಿಮಗೆ ಅದು ದೂರದ ಓಟದ ತರಬೇತಿಯಾಗಿತ್ತು, ಅವನಿಗೆ ಸ್ಪ್ರಿಂಟ್ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೊದಲು ಒಂದು ಪರೀಕ್ಷಾ ಓಟ ಮಾಡಿಸಿ. ಈ ವಯಸ್ಸಿಗೆ 3000 ಮೀಟರ್ ಸಾಕು, ಏಳೂವರೆ ಸುತ್ತು. ಹಿಂದಿನ ಎರಡು ದಿನ ಹಗುರ ಓಟ ಮಾತ್ರ ಇರಲಿ. ಹುಡುಗ 11:30ಕ್ಕೆ ಮುಗಿಸಿದರೆ ಅವನ 3000 ಮೀಟರ್ ವೇಗ ಸುತ್ತಿಗೆ 92 ಸೆಕೆಂಡ್, 5000 ಮೀಟರ್ ವೇಗ ಸುಮಾರು 96. ಇಲ್ಲಿಂದ ಉಳಿದದ್ದು ಹುಟ್ಟುತ್ತದೆ. ಹಗುರ ಓಟ ಕಿಲೋಮೀಟರಿಗೆ 5:10ರಿಂದ 5:40, ಪೂರ್ತಿ ವಾಕ್ಯದಲ್ಲಿ ಮಾತಾಡುತ್ತ ಓಡುವಂತಿರಬೇಕು. ಸ್ಥಿರವಾದ ಗಟ್ಟಿ ಓಟ ಕಿಲೋಮೀಟರಿಗೆ 4:15–4:20ರಲ್ಲಿ, ಒಟ್ಟು 20 ನಿಮಿಷ. ಒಮ್ಮೆಲೇ ಆಗದಿದ್ದರೆ ನಾಲ್ಕು ಸಲ 5 ನಿಮಿಷ, ನಡುವೆ ಒಂದು ನಿಮಿಷ ಜಾಗಿಂಗ್. 400 ಮೀಟರ್ ಮಾಡಿಸುವುದಿದ್ದರೆ 92 ಸೆಕೆಂಡಿನಂತೆ 8 ಸಲ, ನಡುವೆ 90 ಸೆಕೆಂಡ್ ಜಾಗಿಂಗ್. ವಾರದಲ್ಲಿ ಇಂಥ ಗಟ್ಟಿ ದಿನ ಎರಡಕ್ಕಿಂತ ಹೆಚ್ಚು ಬೇಡ. ಹಗುರ ದಿನದ ಕೊನೆಗೆ 100 ಮೀಟರ್‌ನ ಆರು ಸಡಿಲ ವೇಗದ ಓಟ ಸೇರಿಸಿದರೆ ಕಾಲು ಚುರುಕು ಕಳೆದುಕೊಳ್ಳುವುದಿಲ್ಲ. ಒಟ್ಟು ದೂರ 40–55 ಕಿ.ಮೀ., ಐದು ದಿನ. ಆರು ವಾರಕ್ಕೊಮ್ಮೆ ಮತ್ತೆ 3000 ಓಡಿಸಿ, ಸಮಯ ಇಳಿದಿದ್ದರೆ ಮಾತ್ರ ವೇಗಗಳನ್ನು ಬದಲಿಸಿ. ಹುಡುಗ ಕೇಳಿದ ಎಂದೋ ನಿಮಗೆ ಬೇಸರವಾಯಿತೆಂದೋ ಬದಲಿಸಬೇಡಿ.

ಕಣಕಾಲು ನೋವು ಆರನೇ–ಎಂಟನೇ ವಾರಕ್ಕೇ ಯಾಕೆ ಬರುತ್ತದೆ? ಹೃದಯ, ರಕ್ತ, ಉಸಿರಾಟ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೂ ಸ್ನಾಯುರಜ್ಜುವಿಗೂ ತಿಂಗಳುಗಟ್ಟಲೆ ಬೇಕು. ಒಂದು ತಿಂಗಳಾದ ಮೇಲೆ ಹುಡುಗನಿಗೆ ಓಟ ಸಲೀಸು ಅನ್ನಿಸುತ್ತದೆ, ಕೋಚ್ ದೂರ ಏರಿಸುತ್ತಾನೆ, ಮೂಳೆ ಇನ್ನೂ ಮೊದಲ ವಾರದ ಹೊಡೆತವನ್ನೇ ಸರಿಪಡಿಸಿಕೊಳ್ಳುತ್ತಿರುತ್ತದೆ. ವಾರಕ್ಕೆ ಶೇ 10ರಷ್ಟು ಏರಿಸಬಹುದು ಎಂಬ ಮಾತು ಎಲ್ಲೆಡೆ ಕೇಳುತ್ತದೆ; ಅದು ಬಾಯಿಲೆಕ್ಕ, ನಿಯಮವಲ್ಲ. ಒಂದೇ ದೂರವನ್ನು ಮೂರು ವಾರ ಇಟ್ಟುಕೊಂಡು, ನಾಲ್ಕನೇ ವಾರ ಕಾಲುಭಾಗ ಇಳಿಸಿ, ಆಮೇಲೆ ಒಂದು ಮೆಟ್ಟಿಲು ಏರುವುದು ಬೆಳೆಯುವ ಮಕ್ಕಳಿಗೆ ಹೆಚ್ಚು ಸುರಕ್ಷಿತ.

ನೋವಿರುವ ಮೂವರನ್ನು ಹೀಗೆ ನೋಡಿ. ಕಣಕಾಲಿನ ಒಳ ಅಂಚಿನ ಉದ್ದಕ್ಕೂ ನಾಲ್ಕಾರು ಬೆರಳಗಲ ನೋವು ಹರಡಿದ್ದು, ಓಡುತ್ತ ಓಡುತ್ತ ಕಡಿಮೆಯಾದರೆ ಮೂಳೆಯ ಹೊದಿಕೆ ಕೆರಳಿದೆ ಎಂದು ಊಹಿಸಬಹುದು. ದೂರವನ್ನು ಅರ್ಧ ಮಾಡಿ, ಗಟ್ಟಿ ನೆಲ ಬಿಟ್ಟು ಹುಲ್ಲಿನ ಮೇಲೆ ಓಡಿಸಿ. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ಚುಚ್ಚುವ ನೋವು, ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ಏರುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು, ಇವುಗಳಲ್ಲಿ ಒಂದಿದ್ದರೂ ಮೂಳೆಯಲ್ಲಿ ಸೀಳು ಬಿಟ್ಟಿರಬಹುದು. ಅಂದೇ ಓಟ ನಿಲ್ಲಿಸಿ ವೈದ್ಯರ ಬಳಿ ಕಳಿಸಿ. ಮೊದಲ ಎಕ್ಸ್‌–ರೇಯಲ್ಲಿ ಏನೂ ಕಾಣಲಿಲ್ಲ ಎಂದು ಮತ್ತೆ ಓಡಿಸಬೇಡಿ. ಇಂಥ ಸೀಳು ಆರಂಭದ ಎರಡು–ಮೂರು ವಾರ ಎಕ್ಸ್‌–ರೇಗೆ ಸಿಗದಿರುವುದೇ ಹೆಚ್ಚು.

ಪ್ರಶ್ನೆ: ದೊಡ್ಡ ಓಟಗಾರನಾಗಿದ್ದವನೇ ಒಳ್ಳೆಯ ಕೋಚ್ ಆಗುತ್ತಾನೆಯೆ? ಪದಕವಿಲ್ಲದ ನನ್ನ ಮಾತನ್ನು ಯಾರು ಕೇಳುತ್ತಾರೆ?

ಉತ್ತರ: ಪದಕದಿಂದ ಮೊದಲ ಆರು ತಿಂಗಳ ಗೌರವ ಸಿಗುತ್ತದೆ. ಆಮೇಲೆ ಮಕ್ಕಳು ಕೇಳುವುದು ತಮ್ಮ ಸಮಯ ಇಳಿಯಿತೇ ಎಂದು.

ಹೆಸರು ಮಾಡಿದ ಓಟಗಾರ–ಕೋಚ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ಎದ್ದು ಕಾಣುತ್ತದೆ: ಅವರ ಶಿಷ್ಯರು ಗೆದ್ದದ್ದು ಬಹುಪಾಲು ಗುರುವಿನ ಸ್ಪರ್ಧೆಯಲ್ಲಲ್ಲ. ಕೀನ್ಯಾದ ಪ್ಯಾಟ್ರಿಕ್ ಸಾಂಗ್ 3000 ಮೀಟರ್ ಸ್ಟೀಪಲ್‌ಚೇಸ್ (ತಡೆಗಂಬ, ನೀರಿನ ಗುಂಡಿ ದಾಟುತ್ತ ಓಡುವ ಸ್ಪರ್ಧೆ) ಓಟಗಾರ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, 1991 ಮತ್ತು 1993ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲೂ ಬೆಳ್ಳಿ. ಅವರ ಶಿಷ್ಯ ಎಲಿಯುಡ್ ಕಿಪ್ಚೋಗೆ 2003ರಲ್ಲಿ 5000 ಮೀಟರ್ ವಿಶ್ವ ಚಾಂಪಿಯನ್ ಆದರು, ಆಮೇಲೆ ಮ್ಯಾರಥಾನ್‌ಗೆ ಬಂದು 2016 ಮತ್ತು 2021ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಹುಡುಗನನ್ನು ತನ್ನ ಹಾಗೆ ತಡೆಗಂಬ ದಾಟಿಸಲು ಸಾಂಗ್ ಹೋಗಲಿಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಮ್ಯಾರಥಾನ್ ಓಟಗಾರ. ಒಲಿಂಪಿಕ್ಸ್ ಓಡಿದವರೇ ಅಲ್ಲ. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ಮಧ್ಯಾಹ್ನ ಅವರ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್, ಮರ್ರೆ ಹಾಲ್ಬರ್ಗ್ 5000 ಮೀಟರ್ ಗೆದ್ದರು. ಹಂಗೆರಿಯ ಲಾಸ್ಲೋ ತಾಬೋರಿ ಮೈಲಿ ಓಟದವರು, 1955ರಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೂರನೆಯ ವ್ಯಕ್ತಿ. ಅಮೆರಿಕದಲ್ಲಿ ಕೋಚ್ ಆದ ಮೇಲೆ ಅವರು ಬೆಳೆಸಿದ ಜಾಕ್ವೆಲಿನ್ ಹ್ಯಾನ್ಸನ್ 1975ರಲ್ಲಿ 2:38:19ಕ್ಕೆ ಮಹಿಳೆಯರ ಮ್ಯಾರಥಾನ್ ವಿಶ್ವದಾಖಲೆ ಬರೆದರು.

ಓಡದೆಯೇ ಕೋಚ್ ಆದವರೂ ಇದ್ದಾರೆ. ಐರ್ಲೆಂಡಿನಿಂದ ಕೀನ್ಯಾದ ಇಟೆನ್ ಶಾಲೆಗೆ ಪಾಠ ಹೇಳಲು ಬಂದ ಕೋಲ್ಮ್ ಓ’ಕಾನಲ್ ಅವರಿಗೆ ಅಥ್ಲೆಟಿಕ್ಸ್ ಹಿನ್ನೆಲೆಯೇ ಇರಲಿಲ್ಲ. ಅವರ ಶಿಷ್ಯ ಡೇವಿಡ್ ರುಡೀಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1:40.91ಕ್ಕೆ ಓಡಿದರು. ಓಡಿದವನಿಗೆ ಇರುವ ಅನುಕೂಲ ಒಂದೇ: 25 ಸುತ್ತಿನ ಓಟದಲ್ಲಿ 17ನೇ ಸುತ್ತು ಹೇಗಿರುತ್ತದೆ ಎಂದು ಗೊತ್ತು. ಅನನುಕೂಲವೂ ಅದೇ. ತನಗೆ ಹೇಗಿತ್ತೋ ಎಲ್ಲರಿಗೂ ಹಾಗೇ ಎಂದುಕೊಳ್ಳುತ್ತಾನೆ.

ಪ್ರಶ್ನೆ: ಲಿಡಿಯಾರ್ಡ್ ವಾರಕ್ಕೆ 100 ಮೈಲಿ ಓಡಿಸುತ್ತಿದ್ದರು. ಹಂಗೆರಿಯ ಕೋಚ್ ಇಗ್ಲೋಯ್ ದಿನವೂ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓಡಿಸುವುದು) ಮಾಡಿಸುತ್ತಿದ್ದರು. ಇಬ್ಬರೂ ಗೆದ್ದರು. ಯಾವುದನ್ನು ಹಿಡಿಯಲಿ?

ಉತ್ತರ: ಇಬ್ಬರ ಕಾಗದವನ್ನೂ ಹಿಡಿಯಬೇಡಿ. ಇಬ್ಬರ ಕಣ್ಣನ್ನು ಹಿಡಿಯಿರಿ.

ಲಿಡಿಯಾರ್ಡ್ ಪದ್ಧತಿಯಿಂದ ಜನ ಕದ್ದದ್ದು ‘100 ಮೈಲಿ’ ಎಂಬ ಒಂದೇ ಸಂಖ್ಯೆಯನ್ನು. ಆ 160 ಕಿ.ಮೀ. ಒಂದು ಹಂತ ಮಾತ್ರ. ಹಲವು ವಾರ ಆಮ್ಲಜನಕದ ಮಿತಿಯೊಳಗಿನ (ಉಸಿರಾಟದಿಂದ ಸಿಗುವ ಆಮ್ಲಜನಕ ಸಾಲುವ ವೇಗದ) ಓಟ, ಭಾನುವಾರ 22 ಮೈಲಿಯ ಉದ್ದ ಓಟ. ಅದಾದ ಮೇಲೆ ಸುಮಾರು ನಾಲ್ಕು ವಾರ ಏರುದಾರಿಯಲ್ಲಿ ಪುಟಿಯುತ್ತ ಓಡುವುದು. ಆಮೇಲೆ ಸುಮಾರು ನಾಲ್ಕು ವಾರ ಟ್ರ್ಯಾಕ್‌ನಲ್ಲಿ ವೇಗದ ಇಂಟರ್ವಲ್. ಕೊನೆಗೆ ಸಾಣೆ ಹಿಡಿಯುವ ವಾರಗಳು, ದೂರ ಇಳಿಸುವ ವಾರಗಳು. ಗುರಿಯ ಸ್ಪರ್ಧೆಯ ತಾರೀಕಿನಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಮೊದಲ ಹಂತವನ್ನು ‘ನಿಧಾನ ಓಟ’ ಎಂದುಕೊಂಡು ಕಾಲೆಳೆದುಕೊಂಡು ಹೋಗುವುದು. ಲಿಡಿಯಾರ್ಡ್ ಹೇಳಿದ್ದು ಸ್ಥಿರವಾದ, ಹದವಾದ ಓಟ. ಮುಗಿಸಿದಾಗ ದಣಿವು ಹಿತವಾಗಿರಬೇಕು, ಕುಸಿದು ಬೀಳಬಾರದು. ಎರಡನೆಯದು, ಮೊದಲ ಹಂತದಲ್ಲೇ ವಾರವಾರವೂ ಜೊತೆಗಾರರ ಮೇಲೆ ಪೈಪೋಟಿಗಿಳಿದು ಸ್ಪರ್ಧೆಯ ದಿನಕ್ಕೆ ಬರಿದಾಗುವುದು. ಲಿಡಿಯಾರ್ಡ್ ಈ ದೂರವನ್ನು ಶಿಷ್ಯರ ಮೇಲೆ ಹೇರುವ ಮೊದಲು ವರ್ಷಗಟ್ಟಲೆ ತನ್ನ ಮೈಮೇಲೇ ಏರಿಸಿ ಇಳಿಸಿ ನೋಡಿದ್ದರು. ಅತಿ ಹೆಚ್ಚು ಎಷ್ಟು ಸಾಧ್ಯ ಎಂದು ಹುಡುಕಿ, ಅಲ್ಲಿಂದ ಕೆಳಗಿಳಿದು 100ಕ್ಕೆ ನಿಂತರು. ಅದೂ ಪಳಗಿದ ವಯಸ್ಕರಿಗೆ. 15 ವರ್ಷದವರಿಗೆ 100 ಮೈಲಿ ಕೊಟ್ಟು ಲಿಡಿಯಾರ್ಡ್ ಹೆಸರು ಹೇಳುವುದು ಅವರಿಗೆ ಮಾಡುವ ಅನ್ಯಾಯ.

ಮಿಹಾಯ್ ಇಗ್ಲೋಯ್ 1936ರ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಡಿದವರು. ತಾಬೋರಿ ಅವರ ಶಿಷ್ಯರಲ್ಲೊಬ್ಬರು. ಇಗ್ಲೋಯ್ ಟ್ರ್ಯಾಕ್ ಬದಿಯಲ್ಲಿ ನಿಂತು, ಓಟಗಾರ ಅಂದು ಹೇಗೆ ಬೆಚ್ಚಗಾಗುತ್ತಿದ್ದಾನೆ ಎಂದು ನೋಡಿ, ಒಂದೊಂದು ಗುಂಪು ಓಟವನ್ನು ಅಲ್ಲೇ ಹೇಳುತ್ತಿದ್ದರು. ವೇಗಕ್ಕೆ ಸೆಕೆಂಡ್‌ಗಿಂತ ಶ್ರಮದ ಹೆಸರೇ ಹೆಚ್ಚು: ತಾಜಾ, ಚೆನ್ನ, ಗಟ್ಟಿ. ಅದಕ್ಕೇ ಇಗ್ಲೋಯ್ ಪಟ್ಟಿಯನ್ನು ನಕಲು ಮಾಡಿದವರು ಸೋತರು. ಪಟ್ಟಿ ನಿನ್ನೆಯದು, ಕಾಲು ಇಂದಿನದು.

ಇಂಟರ್ವಲ್ ಮಾಡಿಸುವವರಿಗೆ ಜರ್ಮನಿಯ ಕೋಚ್ ಗೆರ್ಷ್ಲರ್ ಮತ್ತು ಹೃದಯತಜ್ಞ ರೈಂಡೆಲ್ ಬಳಸಿದ ಒಂದು ಅಳತೆ ಇಂದಿಗೂ ಕೈಗೆ ಬರುತ್ತದೆ. ಓಟದ ಕೊನೆಗೆ ನಾಡಿ ನಿಮಿಷಕ್ಕೆ 180ರ ಸುಮಾರಿಗೆ ಏರಲಿ. ಬಿಡುವಿನಲ್ಲಿ 90 ಸೆಕೆಂಡಿನೊಳಗೆ 120ಕ್ಕೆ ಇಳಿಯಬೇಕು. ಇಳಿಯದಿದ್ದರೆ ವೇಗ ಹೆಚ್ಚಾಗಿದೆ, ಇಲ್ಲವೇ ಅಂದಿನ ಕೆಲಸ ಮುಗಿದಿದೆ. ಹದಿಹರೆಯದವರ ನಾಡಿ ಸಹಜವಾಗಿ ಹೆಚ್ಚು ಏರುತ್ತದೆ, ಆದ್ದರಿಂದ 180 ಎಂಬ ಅಂಕಿಗೆ ಅಂಟಿಕೊಳ್ಳಬೇಡಿ. ಎಷ್ಟು ಬೇಗ ಇಳಿಯಿತು ಎಂಬುದನ್ನು ನೋಡಿ. ಕುತ್ತಿಗೆಯ ಮೇಲೆ ಬೆರಳಿಟ್ಟು 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿದರೆ ಸಾಕು: 10 ಸೆಕೆಂಡಿಗೆ 20 ಬಡಿತ ಎಂದರೆ 120.

ಪ್ರಶ್ನೆ: ಒಬ್ಬನೇ ಕೋಚ್, ಒಂದೇ ಸ್ಟಾಪ್‌ವಾಚ್, ಒಂಬತ್ತು ಮಕ್ಕಳು. ಎಲ್ಲರ ಸಮಯ ಹಿಡಿಯುವುದು ಹೇಗೆ? ಒಳ ಲೇನ್ ಖಾಲಿ ಇಲ್ಲದಾಗ ನಾಲ್ಕನೇ ಲೇನ್‌ನಲ್ಲಿ ಓಡಿಸಬಹುದೆ?

ಉತ್ತರ: ವೇಗದ ಪ್ರಕಾರ ಮೂರು ಗುಂಪು ಮಾಡಿ, ಚುರುಕಾದವರು ಮೊದಲು. 10 ಸೆಕೆಂಡ್ ಅಂತರದಲ್ಲಿ ಬಿಡಿ. ವಾಚ್ ನಿಲ್ಲಿಸಬೇಡಿ, ಎರಡನೇ ಗುಂಪಿನ ಸಮಯದಿಂದ 10, ಮೂರನೆಯದರಿಂದ 20 ಕಳೆದು ಕೂಗಿ. 400 ಮೀಟರ್ ಓಟಕ್ಕೆ 200ರ ಗುರುತಿನ ಬಳಿ ನಿಂತರೆ ಒಳ್ಳೆಯದು. ಕೊನೆಯ ಗೆರೆಯಲ್ಲಿ ಸಮಯ ಹೇಳಿದರೆ ಅದು ಸುದ್ದಿ ಮಾತ್ರ, ಅರ್ಧದಲ್ಲಿ ಹೇಳಿದರೆ ಅದೇ ಸುತ್ತಿನಲ್ಲಿ ತಿದ್ದಿಕೊಳ್ಳಬಹುದು.

ನಾಲ್ಕನೇ ಲೇನ್‌ನಲ್ಲಿ ಓಡಿಸಬಹುದು, ಆದರೆ ಅದು 400 ಮೀಟರ್ ಅಲ್ಲ ಎಂದು ನೆನಪಿರಲಿ. ಮೊದಲ ಲೇನ್‌ನ 400 ಮೀಟರನ್ನು ಒಳ ಅಂಚಿನ ದಿಂಡಿನಿಂದ 30 ಸೆಂ.ಮೀ. ಬಿಟ್ಟು ಅಳೆಯುತ್ತಾರೆ, ಉಳಿದ ಲೇನ್‌ಗಳನ್ನು ಒಳಗೆರೆಯಿಂದ 20 ಸೆಂ.ಮೀ. ಬಿಟ್ಟು. ಲೇನ್ ಅಗಲ 1.22 ಮೀಟರ್. ಹೀಗಾಗಿ ಎರಡನೇ ಲೇನ್‌ನ ಪೂರ್ತಿ ಸುತ್ತು 407 ಮೀಟರ್, ಮೂರನೆಯದು ಸುಮಾರು 414.7, ನಾಲ್ಕನೆಯದು 422.4, ಎಂಟನೆಯದು 453. ಹುಡುಗಿಯೊಬ್ಬಳು ನಾಲ್ಕನೇ ಲೇನ್‌ನ ಸುತ್ತನ್ನು 92 ಸೆಕೆಂಡಿಗೆ ಮುಗಿಸಿದರೆ ನಿಜದಲ್ಲಿ ಅವಳು 400 ಮೀಟರಿಗೆ 87ರ ವೇಗದಲ್ಲಿ ಓಡಿದ್ದಾಳೆ. ಎಂಟು ಸಲ ಹೀಗಾದರೆ ಅದು ನೀವು ಬರೆದ ತರಬೇತಿಯೇ ಅಲ್ಲ. ಆ ಲೇನ್‌ನಲ್ಲಿ ಬಳಿದಿರುವ 400 ಮೀಟರ್ ಸ್ಪರ್ಧೆಯ ಆರಂಭದ ಗೆರೆಯಿಂದ ಹೊರಡಿಸಿ, ಮುಕ್ತಾಯದ ಗೆರೆಗೆ ನಿಲ್ಲಿಸಿ, ಆಗ ದೂರ ಸರಿ. ಕೈಗಡಿಯಾರದ ಜಿಪಿಎಸ್ ತಿರುವುಗಳಲ್ಲಿ ಅಂದಾಜು ಮಾಡುತ್ತದೆ. ಟ್ರ್ಯಾಕ್ ಮೇಲೆ ಅದರ ಕಿಲೋಮೀಟರ್ ನಂಬಬೇಡಿ, ಸುತ್ತು ಎಣಿಸಿ.

ದೂರದಿಂದ ಸ್ಪರ್ಧೆಯ ಸಮಯ ಹಿಡಿಯುವಾಗ ಪಿಸ್ತೂಲಿನ ಹೊಗೆ ಅಥವಾ ಬೆಳಕು ನೋಡಿ ವಾಚ್ ಒತ್ತಿ. ಸದ್ದು 100 ಮೀಟರ್ ದಾಟಲು ಸುಮಾರು 0.3 ಸೆಕೆಂಡ್ ತೆಗೆದುಕೊಳ್ಳುತ್ತದೆ.

ಪ್ರಶ್ನೆ: ಮಕ್ಕಳ ಜೊತೆ ನಾನೂ ಓಡುತ್ತ ವೇಗ ಹಿಡಿದುಕೊಟ್ಟರೆ ತಪ್ಪೆ?

ಉತ್ತರ: ಹಗುರ ದಿನ ಓಡಿ, ಹಿಂದೆ ಇರಿ. ಗಟ್ಟಿ ದಿನ ನಿಂತುಕೊಳ್ಳಿ. ಮುಂದೆ ಓಡುವ ಕೋಚ್‌ಗೆ ತನ್ನ ಬೆನ್ನ ಹಿಂದೆ ಏನಾಗುತ್ತಿದೆ ಕಾಣುವುದಿಲ್ಲ: ಆರನೇ ಓಟದಿಂದ ಯಾರ ಭುಜ ಕಿವಿಯತ್ತ ಏರಿತು, ಯಾರ ಒಂದು ಪಾದದ ಸದ್ದು ಇನ್ನೊಂದಕ್ಕಿಂತ ಜೋರಾಯಿತು, ಯಾರು ಸೊಂಟ ಕುಸಿದು ಕುಳಿತಂತೆ ಓಡುತ್ತಿದ್ದಾರೆ. ಎರಡನೇ ಓಟವನ್ನೂ ಕೊನೆಯ ಓಟವನ್ನೂ ಒಂದೇ ಜಾಗದಲ್ಲಿ ನಿಂತು, ಬದಿಯಿಂದ ಮೊಬೈಲ್‌ನಲ್ಲಿ ಚಿತ್ರಿಸಿ ಹೋಲಿಸಿ. ದಣಿದಾಗ ಕೆಡುವ ಭಂಗಿಯನ್ನಷ್ಟೇ ತಿದ್ದಿ. ಹುಟ್ಟಿನಿಂದ ಬಂದ ಓಟದ ಧಾಟಿಯನ್ನು ಕೆಣಕಬೇಡಿ.

ಪ್ರಶ್ನೆ: ನನ್ನ ಶಿಷ್ಯ 5000 ಮೀಟರ್ 16:00ಕ್ಕೆ ಓಡುತ್ತಾನೆ. 10,000ದಲ್ಲಿ ಮೊದಲ 5 ಸುತ್ತು 77 ಸೆಕೆಂಡಿನಂತೆ, ಮುಂದಿನ 8 ಸುತ್ತು 81ರಂತೆ ಹೋಗಿ ಕೊನೆಯ 12 ಸುತ್ತು 87ಕ್ಕೆ ಕುಸಿದ. 34:37 ಆಯಿತು. ದಮ್ಮು ಕಡಿಮೆಯೆ?

ಉತ್ತರ: ದಮ್ಮಿಗಿಂತ ಮೊದಲು ಲೆಕ್ಕ ಕಡಿಮೆಯಾಗಿದೆ. 16:00ರ ಓಟಗಾರ ಸರಿಯಾದ ತಯಾರಿಯಿದ್ದರೆ 10,000ವನ್ನು 33:20ರ ಆಸುಪಾಸು ಓಡಬಲ್ಲ. ಅದು ಸುತ್ತಿಗೆ 80 ಸೆಕೆಂಡ್. ಅವನು ಹೊರಟ 77 ಅವನ 5000 ಮೀಟರ್ ವೇಗ. ಮೊದಲ ಐದು ಸುತ್ತಿನಲ್ಲಿ ಗಳಿಸಿದ್ದು 15 ಸೆಕೆಂಡ್. ಮುಂದಿನ ಎಂಟರಲ್ಲಿ ಕಳೆದದ್ದು 8. ಕೊನೆಯ ಹನ್ನೆರಡರಲ್ಲಿ 84. ಹದಿನೈದು ಸಾಲ ತಂದು ತೊಂಬತ್ತೆರಡು ಕಟ್ಟಿದ. ಆರಂಭದಲ್ಲಿ ಮಿತಿ ಮೀರಿದ ವೇಗದಿಂದ ರಕ್ತದಲ್ಲಿ ಏರಿದ ಆಮ್ಲೀಯತೆ, ಅದೇ ವೇಗದ ಆಸುಪಾಸಿನಲ್ಲಿ ಓಡುತ್ತಲೇ ಇದ್ದರೆ ಇಳಿಯುವುದಿಲ್ಲ.

ಮುಂದಿನ ಸಲ ಮೊದಲ ಐದು ಸುತ್ತು 81ರಲ್ಲಿ ಹೋಗಲಿ. ಕಳೆಯುವುದು ಐದೇ ಸೆಕೆಂಡ್. ತಯಾರಿಗೆ, ಹತ್ತು ದಿನಕ್ಕೊಮ್ಮೆ 2000 ಮೀಟರನ್ನು 6:40ರಂತೆ ನಾಲ್ಕು ಸಲ, ನಡುವೆ ಎರಡು ನಿಮಿಷ ಜಾಗಿಂಗ್. ಸಲೀಸಾದ ಮೇಲೆ ಐದು ಸಲ, ಆಮೇಲೆ ಬಿಡುವನ್ನು 90 ಸೆಕೆಂಡಿಗೆ ಇಳಿಸಿ. ವೇಗ ಮಾತ್ರ ಏರಿಸಬೇಡಿ. ನಡುವಿನ ವಾರದಲ್ಲಿ ಸುತ್ತಿಗೆ 82–83ರಂತೆ 20ರಿಂದ 25 ನಿಮಿಷದ ಸ್ಥಿರ ಓಟ ಇರಲಿ.

ಇನ್ನೊಂದು ಅಭ್ಯಾಸ ಬಹಳ ಸರಳ, ಆದರೆ ಕೋಚ್‌ಗಳು ಮರೆಯುತ್ತಾರೆ. ಅವನ ಕೈಗಡಿಯಾರ ಬಿಚ್ಚಿಸಿ. ಎಂಟು ಸುತ್ತು 80ರಂತೆ ಓಡಲು ಹೇಳಿ, ಪ್ರತಿ ಸುತ್ತು ಮುಗಿದಾಗ ಎಷ್ಟಾಯಿತು ಎಂದು ಅವನೇ ಕೂಗಲಿ, ಆಮೇಲೆ ನೀವು ನಿಜವಾದ ಸಮಯ ಹೇಳಿ. ಮೊದಲ ದಿನ ಮೂರು–ನಾಲ್ಕು ಸೆಕೆಂಡ್ ತಪ್ಪುತ್ತಾನೆ. ಒಂದು ಸೆಕೆಂಡಿನೊಳಗೆ ಬಂದರೆ ಸ್ಪರ್ಧೆಯಲ್ಲಿ ಮತ್ತೊಬ್ಬನ ಹುಚ್ಚು ಓಟಕ್ಕೆ ಸಿಲುಕುವುದಿಲ್ಲ.

ಪ್ರಶ್ನೆ: 19 ವರ್ಷದ ಓಟಗಾರ್ತಿಗೆ ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ. ತೂಕ ಇಳಿದಿದೆ, ಆದರೆ ಸಮಯ ಚೆನ್ನಾಗಿ ಬರುತ್ತಿದೆ. ಹೆಚ್ಚು ಓಡುವವರಿಗೆ ಇದು ಸಹಜ ಎಂದು ಹಿರಿಯ ಓಟಗಾರರು ಹೇಳುತ್ತಾರೆ.

ಉತ್ತರ: ಸಾಮಾನ್ಯವಾಗಿ ಕಾಣುತ್ತದೆ, ನಿಜ. ಸಹಜವಲ್ಲ. ತಿನ್ನುವುದಕ್ಕಿಂತ ಖರ್ಚು ಹೆಚ್ಚಾದಾಗ ದೇಹ ಮೊದಲು ಕಡಿತ ಮಾಡುವುದು ಇಲ್ಲೇ. ಈಸ್ಟ್ರೋಜನ್ ಹಾರ್ಮೋನ್ ಇಳಿದರೆ ಮೂಳೆ ಸವೆಯುತ್ತದೆ, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದನ್ನು ಕ್ರೀಡಾಪಟುಗಳ ಶಕ್ತಿ ಕೊರತೆಯ ರೋಗಲಕ್ಷಣ ಎಂದು ಹೆಸರಿಟ್ಟು ಎಚ್ಚರಿಸಿತು; ಗಂಡುಮಕ್ಕಳಲ್ಲೂ ಆಗುತ್ತದೆ, ಗುರುತಿಸುವುದು ಕಷ್ಟ ಅಷ್ಟೇ. ತೂಕ ಇಳಿದ ಮೊದಲ ಕೆಲವು ತಿಂಗಳು ಸಮಯ ಸುಧಾರಿಸುವುದೇ ಮೋಸ. ಕೋಚ್, ತಾಯಿ–ತಂದೆ, ಓಟಗಾರ್ತಿ ಎಲ್ಲರೂ ಅದನ್ನು ಯಶಸ್ಸು ಎಂದುಕೊಳ್ಳುತ್ತಾರೆ, ಮುಂದಿನ ಋತುವಿನಲ್ಲಿ ಮೂಳೆ ಸೀಳುತ್ತದೆ.

ಮೂರು ತಿಂಗಳು ಮುಟ್ಟು ತಪ್ಪಿದರೆ ವೈದ್ಯರನ್ನು ಕಾಣಬೇಕು, ನಿಮ್ಮಲ್ಲಿ ನಾಲ್ಕಾಗಿದೆ. ಅಲ್ಲಿಯವರೆಗೆ ಇಂಟರ್ವಲ್ ಮತ್ತು ಉದ್ದ ಓಟ ಎರಡನ್ನೂ ನಿಲ್ಲಿಸಿ. ಗುಂಪಿನೆದುರು ತೂಕ ನೋಡುವ ಪದ್ಧತಿ ಇದ್ದರೆ ಇಂದೇ ಬಿಡಿ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಲು ಕೇಳಿ; ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ಕೊಡಬೇಡಿ. ಮುಟ್ಟಿನ ವಿಷಯ ಮಾತಾಡಲು ನೀವು ಗಂಡಸಾಗಿದ್ದು ಅವಳಿಗೆ ಮುಜುಗರವಾದರೆ, ಅವಳು ನಂಬುವ ಹೆಂಗಸೊಬ್ಬರನ್ನು ಮೊದಲೇ ಗುಂಪಿನ ಕೆಲಸಕ್ಕೆ ಸೇರಿಸಿಕೊಂಡಿರಬೇಕು. ಅದೂ ತರಬೇತಿಯ ಭಾಗವೇ.

ಪ್ರಶ್ನೆ: ದಿನಚರಿ ಪುಸ್ತಕದಲ್ಲಿ ಮಕ್ಕಳು ಏನು ಬರೆಯಬೇಕು?

ಉತ್ತರ: ಎರಡು ನಿಮಿಷದಲ್ಲಿ ಮುಗಿಯುವಷ್ಟು. ಎದ್ದ ಕೂಡಲೇ ಮಲಗಿದ್ದಲ್ಲೇ ನಾಡಿ, ನಿದ್ದೆ ಎಷ್ಟು ಗಂಟೆ, ಓಡಿದ ದೂರ, ಸಮಯ, ಒಂದರಿಂದ ಹತ್ತರೊಳಗೆ ಶ್ರಮದ ಅಂಕ, ಎಲ್ಲಿ ನೋವು. ಬೆಳಗಿನ ನಾಡಿ ಅವರವರ ಸರಾಸರಿಗಿಂತ 7–8 ಬಡಿತ ಹೆಚ್ಚಾಗಿ ಮೂರು ದಿನ ನಿಂತರೆ ಗಟ್ಟಿ ದಿನವನ್ನು ಮುಂದೂಡಿ. ಎಷ್ಟೋ ಸಲ ಅದು ಜ್ವರದ ಮುನ್ಸೂಚನೆ. ಅದೇ ವೇಗದ ಹಗುರ ಓಟಕ್ಕೆ ಹಿಂದಿನ ವಾರ ಅಂಕ 3 ಇದ್ದದ್ದು ಈ ವಾರ 6 ಆಗಿದ್ದರೆ ನಾಡಿ ಏನೇ ಹೇಳಲಿ, ಹುಡುಗ ದಣಿದಿದ್ದಾನೆ. ಎಲ್ಲರೂ ಪ್ರತಿದಿನ 5 ಎಂದೇ ಬರೆಯುತ್ತಿದ್ದರೆ ನೀವು ಅದನ್ನು ಓದುತ್ತಿಲ್ಲ ಎಂದು ಅವರಿಗೆ ಗೊತ್ತಾಗಿದೆ.

ಪ್ರಶ್ನೆ: ನನಗೆ 34. ಇನ್ನೂ ಸ್ಪರ್ಧಿಸುತ್ತೇನೆ, ತರಬೇತಿಯನ್ನೂ ಆರಂಭಿಸಬೇಕೆಂದಿದ್ದೇನೆ. ಎರಡನ್ನೂ ನಡೆಸಬಹುದೆ? ಓಟ ಬಿಡುವುದಾದರೆ ಹೇಗೆ?

ಉತ್ತರ: ನಡೆಸಬಹುದು, ನಿಮ್ಮದೇ ಗುಂಪಿನೊಳಗೆ ಮಾತ್ರ ಬೇಡ. ನಿಮ್ಮ ಸ್ಪರ್ಧೆ ಭಾನುವಾರವಿದ್ದರೆ ಅರಿವಿಲ್ಲದೆಯೇ ಇಡೀ ಗುಂಪಿನ ಹಗುರ ದಿನ ಶನಿವಾರಕ್ಕೆ ಬರುತ್ತದೆ. ಒಂದೆರಡು ಋತು ಇನ್ನೊಬ್ಬ ಕೋಚ್ ಕೈಕೆಳಗೆ ಸಹಾಯಕರಾಗಿರಿ, ಸಾಧ್ಯವಾದರೆ ಸ್ಪ್ರಿಂಟ್ ಅಥವಾ ಜಿಗಿತದವರ ಜೊತೆ. ದೂರದ ಓಟಗಾರನಿಗೆ ತಿಳಿಯದ ಸಂಗತಿಗಳು ಅಲ್ಲಿವೆ: ಪಾದದ ಪುಟಿತ, ಭಾರ ಎತ್ತುವ ಕ್ರಮ, ಪೂರ್ತಿ ಬಿಡುವು ಕೊಟ್ಟು ವೇಗ ಕಲಿಸುವುದು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಹಂತಹಂತದ ಕೋಚ್ ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಒಕ್ಕೂಟದ ಮೂಲಕ ಹೋಗಬೇಕು. ಪ್ರಥಮ ಚಿಕಿತ್ಸೆ, ಎದೆ ಒತ್ತಿ ಹೃದಯ ಮತ್ತೆ ನಡೆಸುವ ತರಬೇತಿ ಇವೆರಡನ್ನು ಅದಕ್ಕೂ ಮೊದಲೇ ಪಡೆಯಿರಿ.

ಓಟವನ್ನು ಥಟ್ಟನೆ ಬಿಡಬೇಡಿ. ವಾರಕ್ಕೆ 120 ಕಿ.ಮೀ. ಓಡುವವರು ಎರಡು–ಮೂರು ತಿಂಗಳಲ್ಲಿ 90, 60, 40ಕ್ಕೆ ಇಳಿಯಿರಿ. ಹೊಟ್ಟೆಯ ಲೆಕ್ಕವೂ ಇದೆ: ಓಟಕ್ಕೆ ಪ್ರತಿ ಕಿಲೋ ತೂಕಕ್ಕೆ ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚು. 60 ಕಿಲೋ ತೂಕದವರಿಗೆ 120 ಕಿ.ಮೀ. ಎಂದರೆ ವಾರಕ್ಕೆ 7200, ದಿನಕ್ಕೆ ಸಾವಿರದಷ್ಟು. ಓಟ ನಿಂತ ದಿನವೇ ಹಸಿವು ನಿಲ್ಲುವುದಿಲ್ಲ.

ಪ್ರಶ್ನೆ: ಉದ್ದೀಪನ ಮದ್ದಿನ ನಿಯಮಗಳಲ್ಲಿ ಕೋಚ್ ಸಿಕ್ಕಿಬೀಳುವುದು ಎಲ್ಲಿ?

ಉತ್ತರ: ಕೊಟ್ಟರೆ, ಕೊಡಲು ಯತ್ನಿಸಿದರೆ, ಸಾಗಿಸಿದರೆ, ಗೊತ್ತಿದ್ದು ನೆರವಾದರೆ ಅಥವಾ ಮುಚ್ಚಿಟ್ಟರೆ ಕೋಚ್‌ಗೇ ಶಿಕ್ಷೆ. ನಿಷೇಧಕ್ಕೊಳಗಾದ ಕೋಚ್ ಬಳಿ ತರಬೇತಿ ಪಡೆದರೆ ಓಟಗಾರನಿಗೂ ಶಿಕ್ಷೆ. ನ್ಯೂಯಾರ್ಕ್ ಮ್ಯಾರಥಾನ್ ಅನ್ನು 1980ರಿಂದ 1982ರವರೆಗೆ ಸತತ ಮೂರು ಸಲ ಗೆದ್ದು ಆಮೇಲೆ ಹೆಸರಾಂತ ಕೋಚ್ ಆದ ಆಲ್ಬರ್ಟೊ ಸಲಜಾರ್‌ಗೆ 2019ರಲ್ಲಿ ಉದ್ದೀಪನ ತಡೆ ನಿಯಮಗಳ ಉಲ್ಲಂಘನೆಗಾಗಿ ನಾಲ್ಕು ವರ್ಷ ನಿಷೇಧ ಬಿತ್ತು. 2021ರಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ದುರುದ್ದೇಶವಿಲ್ಲದೆ ಸಿಕ್ಕಿಬೀಳುವವರೇ ಸಣ್ಣ ಮಟ್ಟದಲ್ಲಿ ಹೆಚ್ಚು. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ಸಮಯದಲ್ಲಿ ಮಿತಿ ಮೀರಿದರೆ ನಿಷಿದ್ಧ. ಮಂಡಿಗೋ ಹಿಮ್ಮಡಿಗೋ ಹಾಕಿಸುವ ಸ್ಟೆರಾಯ್ಡ್ ಚುಚ್ಚುಮದ್ದು 2022ರಿಂದ ಸ್ಪರ್ಧಾ ಅವಧಿಯಲ್ಲಿ ನಿಷಿದ್ಧ. ವಾರಗಳ ಹಿಂದೆ ಹಾಕಿಸಿದ್ದೂ ಪರೀಕ್ಷೆಯಲ್ಲಿ ಸಿಗಬಹುದು. ಪ್ರತಿ ಜನವರಿ 1ಕ್ಕೆ ನಿಷಿದ್ಧ ಮದ್ದುಗಳ ಹೊಸ ಪಟ್ಟಿ ಜಾರಿಗೆ ಬರುತ್ತದೆ, ಹಳೆಯದನ್ನು ಗೋಡೆಯಿಂದ ಕಿತ್ತುಹಾಕಿ. ಮದ್ದು ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿರುವ ಓಟಗಾರ ದಿನವೂ 60 ನಿಮಿಷ ಎಲ್ಲಿರುತ್ತಾನೆ ಎಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಮದ್ದು ಸಿಗದಿದ್ದರೂ ಅಪರಾಧ. ತರಬೇತಿಯ ಜಾಗವನ್ನು ಹಿಂದಿನ ರಾತ್ರಿ ಬದಲಿಸುವ ಕೋಚ್‌ಗಳು ಇದನ್ನು ನೆನಪಿಡಬೇಕು.

ಪ್ರಶ್ನೆ: 10,000 ಮೀಟರ್ ಸ್ಪರ್ಧೆಯಲ್ಲಿ ಸುತ್ತು ಎಣಿಸುವಾಗ ನನಗೇ ತಪ್ಪುತ್ತದೆ. ಉಪಾಯವಿದೆಯೆ?

ಉತ್ತರ: ಬೆರಳು ಎಣಿಸಬೇಡಿ, ಬರೆಯಿರಿ. ಕಾಗದದಲ್ಲಿ 1ರಿಂದ 25 ಸಾಲು, ಪ್ರತಿ ಸಾಲಿನ ಎಡಕ್ಕೆ ಗುರಿಯ ಒಟ್ಟು ಸಮಯ ಮೊದಲೇ ತುಂಬಿರಲಿ (80ರ ಸುತ್ತಿಗೆ 1:20, 2:40, 4:00...), ಬಲಕ್ಕೆ ಓಟಗಾರ ಗೆರೆ ದಾಟಿದಾಗಿನ ಒಟ್ಟು ಸಮಯ. 5000ದಲ್ಲಿ ಎದುರುಬದಿಯಿಂದ ಓಟ ಶುರುವಾಗುವುದರಿಂದ ಮೊದಲ ಸಾಲು ಅರ್ಧ ಸುತ್ತಿನದು, ಆಮೇಲೆ 12 ಸಾಲು. ಎಡಕ್ಕೂ ಬಲಕ್ಕೂ ಒಮ್ಮೆಲೇ ಸುಮಾರು 80 ಸೆಕೆಂಡ್ ವ್ಯತ್ಯಾಸ ಕಂಡರೆ ಓಟಗಾರ ನಿಂತಿಲ್ಲ, ನೀವು ಒಂದು ಸಾಲು ಬರೆಯುವುದನ್ನು ಬಿಟ್ಟಿದ್ದೀರಿ.